ಹೆಪ್ಪಿನ ಬಟ್ಟಲು

ಅಂದು ಬೆಳಗ್ಗೆ ತುರ್ವಿಹಾಳದ ಕಾಲುವೆಯ ಮೇಲೆ ಮಂಜು ಕೂತಿತ್ತು. ವೈಶಾಖದ ಉರಿಬಿಸಿಲಿನ ಕಾಲ. ನೀರು ನಿಲ್ಲಿಸಿ ಬಹಳ ದಿನವಾಗಿ ಕಾಲುವೆಯ ತಳದ ಕೆಸರು ಒಣಗಿ, ಬಿರಿದು, ಹೆಂಚಿನ ಚೂರುಗಳಂತೆ ಎದ್ದಿತ್ತು. ಆದರೂ ಆ ಒಣ ಕಾಲುವೆಯ ಉದ್ದಕ್ಕೂ ಬಿಳಿ ಮಂಜು, ನೀರು ಹರಿಯುವ ದಿಕ್ಕಿನಲ್ಲೇ ನಿಧಾನವಾಗಿ ಸರಿಯುತ್ತಿತ್ತು. ಗಾಳಿಯ ಸುಳಿವಿರಲಿಲ್ಲ. ಎಮ್ಮೆ ಹೊಡೆದುಕೊಂಡು ಹೋದವರು ಕಂಡು ‘ಶಿವ ಶಿವ’ ಎಂದರು. ಮನೆಗೆ ಬಂದು ಯಾರೂ ಆ ಮಾತು ತೆಗೆಯಲಿಲ್ಲ.

ಬಸವಣ್ಣೆಮ್ಮ ಅದನ್ನು ನೋಡಲಿಲ್ಲ. ಆ ಹೊತ್ತಿಗೆ ಅವಳು ಹಾಲಿನ ಗಡಿಗೆಯ ಮುಂದೆ ಕೂತಿದ್ದಳು. ರಾತ್ರಿ ಹೆಪ್ಪು ಹಾಕಿದ್ದ ಹಾಲು ಅಂದೂ ಒಡೆದು ನೀರಾಗಿತ್ತು. ಎರಡು ವರ್ಷವಾಯಿತು, ಆ ಮನೆಯಲ್ಲಿ ಮೊಸರು ಹೆಪ್ಪುಗಟ್ಟಿರಲಿಲ್ಲ. ಯಾರ ಮನೆಯ ಹೆಪ್ಪು ತಂದರೂ ಅಷ್ಟೇ.

“ದೀಪ ಹಚ್ಚಿದ ಮ್ಯಾಲ ಹೆಪ್ಪು ಕೊಟ್ಟಿ. ಅದರ ಜೋಡಿ ಮನೀ ಲಕ್ಷ್ಮೀನೂ ಎತ್ತಿ ಕೊಟ್ಟಿ. ನನ್ನ ತವರಿನ ಬಟ್ಟಲಾನೂ ಹೋತು,” ಎಂದಳು ಹೊಸ್ತಿಲ ಬಳಿ ಕೂತ ಅತ್ತೆ ಕಸ್ತೂರೆಮ್ಮ. ಕಣ್ಣು ಮಬ್ಬಾದ ಮುದುಕಿ. ದಿನವೂ ಆಡುವ ಮಾತು.

ಎರಡು ವರ್ಷದ ಹಿಂದೆ, ಹೊಸ ಕಾಲುವೆಗೆ ಮೊದಲ ನೀರು ಬರುವ ಹಿಂದಿನ ಸಂಜೆ, ಆಚೆ ದಂಡೆಯ ಕೂಲಿಗಾರರ ಗುಡಿಸಲಿನಿಂದ ಒಬ್ಬಳು ಬಂದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಗಂಡನಿಗೆ ಜ್ವರ, ಮಜ್ಜಿಗೆ ಕುಡಿಸಬೇಕು, ಹಾಲಿದೆ, ಹೆಪ್ಪಿಲ್ಲ. ದೀಪ ಹಚ್ಚಿಯಾಗಿತ್ತು, ಆಮೇಲೆ ಹೆಪ್ಪು ಹೊರಗೆ ಕೊಡಬಾರದೆಂಬುದು ರೂಢಿ. ಬಸವಣ್ಣೆಮ್ಮ ತುಸು ತಡೆದು, ಕೈಗೆ ಸಿಕ್ಕ ಕಂಚಿನ ಬಟ್ಟಲಲ್ಲಿ ಹೆಪ್ಪು ಹಾಕಿ ಕೊಟ್ಟಳು. ಕತ್ತಲಲ್ಲಿ ಮುಖ ಕಾಣಲಿಲ್ಲ. ಒಳಗಿನ ದೀಪದ ಬೆಳಕು ಬಿದ್ದ, ಬಟ್ಟಲು ಹಿಡಿದ ಕೈಯ ಮೇಲೆ ಚೇಳಿನ ಹಚ್ಚೆ ಇತ್ತು. “ಮುಂಜೇಲೆ ತಂದು ಕೊಡ್ತೀನ್ರೆವ್ವಾ,” ಎಂದಿತ್ತು ದನಿ.

ಮರುದಿನ ಬೆಳಗ್ಗೆ ಬಟ್ಟಲು ಹಿಡಿದು ಅವಳು ಕಾಲುವೆಯ ತಳದಲ್ಲಿ ದಾಟುತ್ತಿದ್ದಾಗಲೇ ನೀರು ಬಂತಂತೆ. ಈಚೆ ದಂಡೆಯಲ್ಲಿ ಊರವರು ಆರತಿ ಹಿಡಿದು ನಿಂತಿದ್ದ ಹೊತ್ತು. ಹೆಣ ಸಿಗಲಿಲ್ಲ. ಹೆಸರು ಗದ್ದೆಮ್ಮ ಎಂದು ತಿಳಿದದ್ದು ಆಮೇಲೆ. ಕಸ್ತೂರೆಮ್ಮ ಮಾತ್ರ, ಆ ಕಳ್ಳಿ ಬಟ್ಟಲು ಮಾರಿಕೊಂಡು ಓಡಿಹೋಗಿದ್ದಾಳೆ ಎಂದೇ ಸಾಧಿಸಿದಳು. ಊರಿನವರು ಬಸವಣ್ಣೆಮ್ಮನ ಕೈಯೇ ಕೆಟ್ಟದ್ದು ಎಂದರು. ಬಾಣಂತಿಯ ಮನೆಗೆ, ಉಡಿ ತುಂಬುವುದಕ್ಕೆ ಈಗ ಅವಳನ್ನು ಯಾರೂ ಕರೆಯುತ್ತಿರಲಿಲ್ಲ.

ಮಂಜು ಕಂಡ ಆ ದಿನ ಹೊತ್ತು ಇಳಿಯುವಾಗ ಗಂಡ ಅಮರಗುಂಡಪ್ಪ ಓಡುತ್ತ ಬಂದ.

“ಏ, ಕೇಳಿಲ್ಲಿ. ಮೇಳದವ್ರ ಊಟ ಗೌಡ್ರ ಮನ್ಯಾಗ ಇತ್ತು, ಅವ್ರ ಸೊಸಿಗೆ ಹೆರಿಗಿ ಬ್ಯಾನಿ ಹತ್ಯಾವ, ಅಲ್ಲಿ ಒಲಿ ಹಚ್ಚೋರಿಲ್ಲ. ಮಸ್ಕಿ ಮೇಳದವ್ರು ಆಗ್ಲೇ ಬಸ್ ಇಳದಾರ. ಮಠದ ಬಯಲಾಗ ಹಾಡಾಕ ಕೂಡೂ ಮೊದ್ಲ ನಮ್ಮನ್ಯಾಗ ಉಣ್ಲಿ ಅಂದ ಬಂದೀನಿ.”

“ಯಾರನ್ನ ಕೇಳಿ ಅಂದ್ರಿ? ಈ ಬಿಸಿಲಾಗ ಬಂದೋರಿಗೆ ಮಜ್ಜಿಗಿ ಎಲ್ಲಿಂದ ತರ್ಲಿ?”

“ಹುಣಸಿ ಸಾರು ಮಾಡು. ಹುಳಿ ಹತ್ತಿದ್ರ ಇನ್ನಷ್ಟು ಜೋರ ಒದರ್ತಾರ.”

ಅಂಗಳದ ಒಲೆ ಹೊತ್ತಿತು. ಪುಂಡಿಪಲ್ಯ ಬೆಂದಿತು, ಕಾಲುವೆ ಗದ್ದೆಯ ಹೊಸ ಅಕ್ಕಿ ಕುದಿಯಿತು. ಮೇಳದವರು ದಮ್ಮಡಿ, ಏಕತಾರಿ ಹೊತ್ತು ಒಳಗೆ ಬಂದರು. ಅವರ ಹಿಂದೆಯೇ ಸೆರಗು ಮುಖದ ತನಕ ಎಳೆದುಕೊಂಡ ಒಬ್ಬ ಹೆಂಗಸು ಬಂದು, ಒಲೆಯ ಮುಂದೆ ಕೂತು ಜೋಳದ ಹಿಟ್ಟಿಗೆ ಕೈ ಹಾಕಿದಳು.

ಆ ಮನೆಯಲ್ಲೊಂದು ನೇಮವಿತ್ತು. ಹಾಡಿನ ದಿನ ಹೊಸ್ತಿಲು ದಾಟಿದವರ ಹೆಸರು, ಊರು, ಕುಲವನ್ನು ಊಟ ಮುಗಿಯುವ ತನಕ ಕೇಳುವಂತಿಲ್ಲ. ಶಿವ ಯಾವ ವೇಷದಲ್ಲಿ ಬರುತ್ತಾನೋ ಯಾರು ಬಲ್ಲರು ಎಂದು ತೀರಿಹೋದ ಮಾವ ಕಟ್ಟಿದ ನೇಮ. ಮೇಳದ ಜೊತೆ ಬಂದವಳಿರಬೇಕು ಎಂದುಕೊಂಡು ಬಸವಣ್ಣೆಮ್ಮ ಸಾರಿನ ಒಗ್ಗರಣೆಗೆ ತಿರುಗಿದಳು.

ಆ ಹೆಂಗಸಿನ ಕೈಯಲ್ಲಿ ರೊಟ್ಟಿ ತೆಳ್ಳಗೆ, ದುಂಡಗೆ ಏಳುತ್ತಿದ್ದವು. ಕಾದ ಹಂಚಿನ ಮೇಲೆ ಅಂಗೈ ಊರಿಯೇ ತಿರುವುತ್ತಿದ್ದಳು, ಕೈ ಹಿಂದೆಗೆಯುತ್ತಿರಲಿಲ್ಲ. ಅವಳು ಕೂತ ಕಡೆ ಸಾರಿಸಿದ ನೆಲ ನೆನೆದು ಕಪ್ಪಾಗುತ್ತಿತ್ತು. ಬಿಂದಿಗೆ ಉರುಳಿತೇ ಎಂದು ಬಸವಣ್ಣೆಮ್ಮ ನೋಡಿದಳು. ಬಿಂದಿಗೆ ತುಂಬಿಯೇ ಇತ್ತು.

“ಯವ್ವಾ, ನಿಮ್ಮ ಸೊಸ್ಯಾರು ರೊಟ್ಟಿ ಬಡಿದದ್ದ ಒಂದು ತಾಳ ಆಗೈತ್ರಿ,” ಎಂದ ಮೇಳದ ಹಿರಿಯ ಕರಿಬಸಯ್ಯ, ಬಾಯಿ ತುಂಬ ತುತ್ತಿಟ್ಟುಕೊಂಡು.

“ನನ್ನ ಸೊಸಿ ಸಾರು ಬಡಸಾಕತ್ಯಾಳಪ್ಪ. ಒಲಿ ಮುಂದ ಇರಾಕಿ ನಿಮ್ಮ ಮೇಳದಾಕಿ.”

“ನಮ್ಮ ಮೇಳದಾಗ ಹೆಂಗಸ್ರು ಎಲ್ಯಾರ್ರಿ? ನಾವು ಬರೇ ಗಡ್ಡದ ಮಂದಿ.”

ಎಲ್ಲರೂ ನಕ್ಕರು. ಸಾರಿನ ಸೌಟು ಹಿಡಿದ ಬಸವಣ್ಣೆಮ್ಮ ನಗಲಿಲ್ಲ. ಕೇಳುವಂತಿಲ್ಲ, ಊಟ ಇನ್ನೂ ಮುಗಿದಿರಲಿಲ್ಲ.

ಗಂಡಸರು ಉಂಡು ಮಠದ ಬಯಲಿಗೆ ಹೋದರು. ಮುಚ್ಚಂಜೆಯ ಹೊತ್ತು. ಬಸವಣ್ಣೆಮ್ಮ ಗೂಡಿನಲ್ಲಿ ದೀಪ ಹಚ್ಚಿ, ಆ ಹೆಂಗಸಿಗೆ ಬಡಿಸಿದಳು. ಅವಳು ತಟ್ಟೆಯನ್ನು ಕಣ್ಣಿಗೊತ್ತಿಕೊಂಡು, ಹಸಿದವರು ಉಣ್ಣುವಂತೆ ಒಂದು ಅಗುಳೂ ಬಿಡದೆ ಉಂಡಳು. ಕೈ ತೊಳೆಯಲು ಅಂಗಳದಂಚಿಗೆ ಬಂದಾಗ ಬಸವಣ್ಣೆಮ್ಮ ನೀರು ಹಾಕಿದಳು. ಮೆತ್ತಿದ್ದ ಹಿಟ್ಟು ಕರಗಿತು. ಹಸ್ತದ ಮೇಲೆ ಚೇಳು ಕಂಡಿತು.

ತಂಬಿಗೆ ಹಿಡಿದ ಕೈ ಹಾಗೇ ನಿಂತಿತು. ಊಟ ಮುಗಿದಿತ್ತು, ಈಗ ಹೆಸರು ಕೇಳಬಹುದಾಗಿತ್ತು. ಅವಳಿಗೆ ಕೇಳುವ ಅಗತ್ಯ ಉಳಿದಿರಲಿಲ್ಲ.

“ಹೊಂಟ್ಯಾ? ರೊಟ್ಟಿ ಭಾಳ ಚಲೋ ಬಡೀತಿ ನೋಡವ್ವ,” ಎಂದಳು ಹೊಸ್ತಿಲಿನಿಂದ ಕಸ್ತೂರೆಮ್ಮ. “ಹೆಸರರ ಹೇಳಿ ಹೋಗ.”

ಹೆಂಗಸು ಬಾಗಿ, ಮಡಿಲಿನಿಂದ ಏನನ್ನೋ ತೆಗೆದು ಮುದುಕಿಯ ತೊಡೆಯ ಮೇಲಿಟ್ಟಳು. ಹಿತ್ತಲ ಬಾಗಿಲು ದಾಟಿ ಕಾಲುವೆಯ ಕಡೆ ನಡೆದಳು. ಅಂಗಳದ ಬಿಸಿ ಹಾಸುಗಲ್ಲಿನ ಮೇಲೆ ಅವಳ ಒದ್ದೆ ಹೆಜ್ಜೆಗಳು ಆರಲಿಲ್ಲ.

ಕಸ್ತೂರೆಮ್ಮನ ಹೆಬ್ಬೆರಳು ಬಟ್ಟಲಿನ ಅಂಚಿನ ಮೇಲೆ ಸುತ್ತಿತು. ಎಳವೆಯಲ್ಲಿ ತಾನೇ ಕಲ್ಲಿಗೆ ಕುಟ್ಟಿ ಮಾಡಿದ್ದ ನೆಗ್ಗು ಸಿಕ್ಕಾಗ ನಿಂತಿತು. ಬೆರಳು ಒಳಗಿಳಿದರೆ ಬಾವಿಯ ತಳದಂತೆ ತಣ್ಣಗೆ, ಗಟ್ಟಿಯಾಗಿ ಹೆಪ್ಪುಗಟ್ಟಿದ ಮೊಸರು.

“ಗದ್ದೆಮ್ಮಾ,” ಎಂದಳು ಮುದುಕಿ. ಆ ಹೆಸರನ್ನು ಅವಳ ಬಾಯಿ ಆಡಿದ್ದು ಅದೇ ಮೊದಲು.

ಮಠದ ಕಡೆಯಿಂದ ದಮ್ಮಡಿಯ ಮೊದಲ ಪೆಟ್ಟು ಕೇಳಿತು. ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಕಸ್ತೂರೆಮ್ಮ ದೀಪದ ಬೆಳಕಿನ ಕಡೆ ಮುಖ ತಿರುಗಿಸಿದಳು. ಆಮೇಲೆ ಎರಡೂ ಕೈಯಿಂದ ಹೆಪ್ಪಿನ ಬಟ್ಟಲನ್ನೆತ್ತಿ ಸೊಸೆಯ ಕೈಗೆ ಕೊಟ್ಟಳು.