ಹದಿನಾಲ್ಕನೆಯ ಸಂಧಿ

ನಾನು ಮೂವತ್ತೊಂದು ವರ್ಷ ಶಹಾಪುರದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸಿದವನು. ಹೆಸರು ವಿಶ್ವರಾಧ್ಯ. ಈಗಲೂ ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟು, "ನಿಮ್ಮ ಗೈಡ್ ಓದಿ ಪಾಸಾದೆ ನೋಡ್ರಿ ಸರ್" ಎನ್ನುತ್ತಾರೆ. ನಿಮ್ಮ ಪಾಠ ಕೇಳಿ ಪಾಸಾದೆ ಎಂದವರು ಈತನಕ ಒಬ್ಬರೂ ಸಿಕ್ಕಿಲ್ಲ.

ಆ ಗೈಡಿನದೇ ಕಥೆ ಇದು. ಆಗ ಬಿ.ಎ. ತರಗತಿಗೆ 'ವಾರಿಜೆಯ ಚರಿತೆ' ಎಂಬ ಹಳೆಯ ಷಟ್ಪದಿ ಕಾವ್ಯ ಪಠ್ಯವಾಗಿತ್ತು. ಒಟ್ಟು ಹದಿನಾಲ್ಕು ಸಂಧಿ. ಮೇಘಕೇತು ಎಂಬ ದೊರೆ ಯಾರದೋ ಚಾಡಿ ಮಾತು ಕೇಳಿ ಹೆಂಡತಿ ವಾರಿಜೆಯ ನಡತೆಯನ್ನು ಶಂಕಿಸುತ್ತಾನೆ. ಅವಳನ್ನು ಹಾಳು ಕೋಟೆಯೊಂದರಲ್ಲಿ ಹನ್ನೆರಡು ವರ್ಷ ಇಡುತ್ತಾನೆ. ಚಾಡಿ ಸುಳ್ಳೆಂದು ತಿಳಿದ ಮೇಲೆ ಪಲ್ಲಕ್ಕಿ ಹೊರಿಸಿಕೊಂಡು ಬಂದು ಅವಳ ಬಾಗಿಲ ಮುಂದೆ ನಿಲ್ಲುತ್ತಾನೆ. ಅಲ್ಲಿಗೆ ಹದಿಮೂರನೆಯ ಸಂಧಿ ಮುಗಿಯುತ್ತದೆ.

ನಮ್ಮ ಕಾಲೇಜಿನ ಪ್ರತಿಯೂ ಅಲ್ಲಿಗೇ ಮುಗಿದಿತ್ತು. ಹಿಂದಿನ ರಟ್ಟು, ಕೊನೆಯ ಹಾಳೆಗಳು ಯಾವ ಕಾಲಕ್ಕೋ ಕಿತ್ತುಹೋಗಿದ್ದವು. ಪುಸ್ತಕ ಅಂಗಡಿಯಲ್ಲೆಲ್ಲೂ ಸಿಗುತ್ತಿರಲಿಲ್ಲ. ಗೈಡು ಅಚ್ಚು ಮಾಡುವವನು ಕಾಲೇಜು ಶುರುವಾಗುವುದರೊಳಗೆ ಬೇಕೆಂದು ಬೆನ್ನು ಬಿದ್ದಿದ್ದ. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ದೊರೆ ಬಂದ, ಪಲ್ಲಕ್ಕಿ ಬಂತು, ಇನ್ನೇನು ಉಳಿಯಿತು? ನಮ್ಮ ಕಾವ್ಯಗಳೆಲ್ಲ ಮಂಗಳದಲ್ಲೇ ಮುಗಿಯುತ್ತವೆ. ಕೊನೆಯ ಸಂಧಿಯಲ್ಲಿ ತೋರಣ, ಆರತಿ, ಪುರಜನರ ಜಯಕಾರ ಇರುತ್ತವೆ. ಅದನ್ನು ಓದಿದರೂ ಒಂದೇ, ಬಿಟ್ಟರೂ ಒಂದೇ ಎಂದುಕೊಂಡೆ.

'ವಾರಿಜೆಯ ಪಾತ್ರವನ್ನು ವಿಮರ್ಶಿಸಿರಿ' ಎಂಬುದು ಪ್ರತಿ ವರ್ಷ ತಪ್ಪದೆ ಬರುವ ಹತ್ತು ಅಂಕದ ಪ್ರಶ್ನೆ. ನಾನು ಬರೆದುಕೊಟ್ಟ ಉತ್ತರ ಹೀಗಿತ್ತು: 'ವಾರಿಜೆಯು ಕ್ಷಮೆಯ ಸಾಕಾರಮೂರ್ತಿ. ಹನ್ನೆರಡು ವರ್ಷದ ನೋವನ್ನು ಒಂದು ಹನಿ ಕಣ್ಣೀರಿನಲ್ಲಿ ತೊಳೆದುಕೊಂಡು, ಪತಿಯು ತಂದ ಪಲ್ಲಕ್ಕಿಯನ್ನೇರಿ ಮರಳಿದ ಈಕೆ ಹೆಣ್ಣುಕುಲಕ್ಕೆ ಮಾದರಿ.' ಯಾದಗಿರಿ, ಶಹಾಪುರ, ಸುರಪುರದ ಮಕ್ಕಳು ಏಳೆಂಟು ವರ್ಷ ಇದನ್ನೇ ಬರೆದರು. ಉತ್ತರಪತ್ರಿಕೆ ತಿದ್ದುವವರು ಇದಕ್ಕೇ ಅಂಕ ಕೊಟ್ಟರು. ತಿದ್ದುವವರಲ್ಲಿ ನಾನೂ ಒಬ್ಬ.

ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಒಬ್ಬ ಹುಡುಗಿ ಮನೆಗೆ ಬಂದಳು. ಹತ್ತೊಂಬತ್ತರ ವಯಸ್ಸಿರಬೇಕು. ಬಾಗಿಲಲ್ಲೇ ನಿಂತು ಹೇಳಿದಳು, "ನಾ ಜ್ಯೋತಿ ಅಂತ್ರಿ ಸರ್. ಸುರಪುರದಾಗ ಡಿಗ್ರಿ ಓದಾಕತ್ತೀನಿ. ಮಲ್ಲೇಶ್ವರಿ ಮಗಳು."

ಮಲ್ಲೇಶ್ವರಿ ಎಂದ ಕೂಡಲೇ ನೆನಪಾಯಿತು. ಕೆಂಭಾವಿಯ ಹುಡುಗಿ, ನನ್ನ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂರುತ್ತಿದ್ದವಳು. ಡಿಗ್ರಿ ಮುಗಿದ ಮೇಲೆ ಅವಳನ್ನು ಕಡೇಚೂರಿಗೆ ಕೊಟ್ಟಿದ್ದರು. ಮದುವೆಯಾದ ಎರಡನೆಯ ವರ್ಷ ಅಪ್ಪನ ಜೊತೆ ನಮ್ಮ ಮನೆಗೆ ಬಂದಿದ್ದಳು, ಕೈಗೆ ಪ್ಲಾಸ್ಟರ್ ಕಟ್ಟಿಸಿಕೊಂಡು. ಕುಡಿದು ಬಂದ ಗಂಡ ಕೈ ತಿರುವಿ ಮುರಿದಿದ್ದ. ಅವಳಪ್ಪ ಒಕ್ಕಲುತನದ ಮನುಷ್ಯ, ಕುರ್ಚಿ ಕೊಟ್ಟರೂ ನೆಲದ ಮೇಲೆ ಕೂತ. "ಗಂಡನ ಮನ್ಯಾವ್ರು ಕರಕೊಂಡ ಹೋಗಾಕ ಬಂದಾರ್ರಿ ಸರ್. ಕಳಸಬೇಕೋ ಬ್ಯಾಡೋ ತಿಳೀವಲ್ದು. ಇಟ್ಕೋ ಅಂದ್ರ ನನ್ನ ಮನ್ಯಾಗ ಇಟ್ಕೋತೀನಿ, ನನಗೇನೂ ಭಾರಿಲ್ಲ. ನೀವು ಓದಿದವ್ರು, ನೀವು ಹೇಳ್ದಂಗ" ಎಂದ.

ನಾನು ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ಅದು ಚೆನ್ನಾಗಿ ನೆನಪಿದೆ. ಅವಳ ಕಡೆ ತಿರುಗಿ, "ವಾರಿಜೀನ್ನ ನೆನಪು ಮಾಡ್ಕೋಳವ್ವ. ಆಕಿ ತಕಲೀಫಿನ ಮುಂದ ನಿಂದು ಎಷ್ಟು? ದೊಡ್ಡ ಮನಸ್ಸು ಮಾಡು, ಹೋಗು" ಎಂದೆ. ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಕಾಲಿಗೆ ಬಿದ್ದು ಹೋದಳು. ಆ ದಿನ ರೊಟ್ಟಿ ತಿನ್ನುವಾಗ ನನಗೆ ನನ್ನ ಬಗ್ಗೆಯೇ ಹೆಮ್ಮೆಯಾಗಿತ್ತು.

ಈಗ ಅವಳ ಮಗಳು ಚಹಾ ಬೇಡವೆಂದಳು. "ಅಪ್ಪ ಹೋದ ತಿಂಗಳ ಅವ್ವನ ಕಪಾಳಕ್ಕ ಹೊಡದಾನ್ರಿ. ಎಡಗಿವಿ ಕೇಳಸಂಗಿಲ್ಲ. ಕೆಂಭಾವ್ಯಾಗ ಮಾಮನ ಮನ್ಯಾಗ ಅದಾಳ. ನಾಳಿ ಕರ್ಯಾಕ ಹಿರ್ಯಾರು ಬರ್ತಾರ. ಹೋಗಬ್ಯಾಡ ಅಂತ ನಾ ಕೈಕಾಲು ಹಿಡದೆ. 'ಸರ್ ಅವತ್ತೇ ಹೋಗು ಅಂದಾರ, ಸರ್ ಸುಮ್ನ ಹೇಳಂಗಿಲ್ಲ' ಅಂತಾಳ. ಬರೇ ಇದೊಂದೇ ಮಾತು."

ಆಮೇಲೆ ಚೀಲದಿಂದ ಎರಡು ಪುಸ್ತಕ ತೆಗೆದಳು. ಒಂದು ನನ್ನ ಗೈಡು. ಇನ್ನೊಂದು ಬಟ್ಟೆಯಲ್ಲಿ ಸುತ್ತಿದ 'ವಾರಿಜೆಯ ಚರಿತೆ'. "ಅವ್ವನ ಅಜ್ಜಾಂದು. ಶ್ರಾವಣದಾಗ ಗುಡ್ಯಾಗ ಓದ್ತಿದ್ನಂತ. ಮಾಮನ ಮನಿ ಅಟ್ಟದ ಮ್ಯಾಲ ಸಿಕ್ತು. ನಿಮ್ಮ ಗೈಡಿನಾಗ ಆಕಿ ಪಲ್ಲಕ್ಕಿ ಹತ್ತಿ ಹ್ವಾದಳು ಅಂತ ಅದ. ಇದ್ರಾಗ ಆಕಿ ಹತ್ತಂಗೇ ಇಲ್ಲ. ಯಾವುದು ಖರೇ ಸರ್?"

ಅಪರಾಧಿ ಮೊದಲು ಮಾಡುವುದನ್ನೇ ನಾನೂ ಮಾಡಿದೆ. ಪಾಠಾಂತರ ಇರಬಹುದು ಎಂದೆ. ಕೊನೆಯ ಸಂಧಿ ಪ್ರಕ್ಷಿಪ್ತ, ಅಂದರೆ ಯಾರೋ ಆಮೇಲೆ ಸೇರಿಸಿದ್ದು ಇರಬಹುದು ಎಂದೆ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಕಲಿತ ದೊಡ್ಡ ಶಬ್ದಗಳೆಲ್ಲ ಆ ಹೊತ್ತಿಗೆ ಉಪಯೋಗಕ್ಕೆ ಬಂದವು. ಹುಡುಗಿ ಪೂರ್ತಿ ಕೇಳಿಸಿಕೊಂಡಳು.

"ನೀವು ಓದೀರಿ ಇಲ್ರಿ?"

"ಇಲ್ಲ" ಎಂದೆ. ಹೆಂಡತಿಗೂ ಹೇಳಿರದ ಮಾತು ಅದು.

ಅವಳು ಬೈಯಲಿಲ್ಲ. ಗೈಡನ್ನು ಮಾತ್ರ ಚೀಲಕ್ಕೆ ಹಾಕಿಕೊಂಡಳು. "ನಾಳಿ ಬಂದು ಇದೇ ಮಾತು ಅವ್ವನ ಮುಂದ ಹೇಳ್ರಿ. ಅಷ್ಟು ಸಾಕು" ಎಂದಳು. ಮೆಟ್ಟಿಲಿಳಿಯುತ್ತ ತಿರುಗಿ, "ನೀವು ಅವತ್ತು ಹೋಗಬ್ಯಾಡ ಅಂದಿದ್ರ ನಾ ಹುಟ್ಟತಿರಲಿಲ್ಲ. ಅದು ನಡೀತಿತ್ತು ಸರ್" ಎಂದಳು.

ಅವಳು ಹೋದ ಮೇಲೆ ಕೂತು ಓದಿದೆ. ಹದಿನಾಲ್ಕನೆಯ ಸಂಧಿಯಲ್ಲಿ ತೋರಣವೂ ಇಲ್ಲ, ಆರತಿಯೂ ಇಲ್ಲ. ದೊರೆ ಕೈಮುಗಿದು, ನೀನು ನಿರ್ದೋಷಿಯೆಂದು ತಿಳಿಯಿತು, ಬಾ ಎನ್ನುತ್ತಾನೆ. ವಾರಿಜೆ ಒಂದೇ ಪ್ರಶ್ನೆ ಕೇಳುತ್ತಾಳೆ. ಚಾಡಿ ನಿಜವಾಗಿದ್ದರೆ ನಾನು ಈ ಕೋಟೆಯಲ್ಲೇ ಸಾಯುವುದು ನಿನಗೆ ಸರಿಯಾಗಿ ಕಾಣುತ್ತಿತ್ತೇ? ಅವಳು ಪಲ್ಲಕ್ಕಿ ಹೊತ್ತವರಿಗೆ ನೀರು ಕೊಟ್ಟು, ದಣಿದಿದ್ದೀರಿ, ಖಾಲಿಯಾಗಿ ಒಯ್ಯಿರಿ, ಹಗುರಾಗುತ್ತದೆ ಎನ್ನುತ್ತಾಳೆ. ಕಾವ್ಯ ಅಲ್ಲಿಗೆ ಮುಗಿಯುತ್ತದೆ. ಹಿಂದಿನ ಹದಿಮೂರು ಸಂಧಿಗಳೂ ಈ ಒಂದು ಪ್ರಶ್ನೆಗಾಗಿಯೇ ಬರೆದಂಥವು. ಕೋಟೆಯಲ್ಲಿ ಹನ್ನೆರಡು ವರ್ಷದ ಅವಳ ಮೌನವನ್ನು ನಾನು ತಾಳ್ಮೆ ಎಂದು ಕಲಿಸಿದ್ದೆ. ಅದು ತಾಳ್ಮೆಯಲ್ಲ, ಅವಳು ಲೆಕ್ಕ ತಪ್ಪದಂತೆ ಯೋಚಿಸುತ್ತಿದ್ದಳು. ಎರಡನೆಯ ಸಲ ಓದಿದೆ. ನಾಚಿಕೆ ಎಂದರೆ ಏನೆಂದು ಅರವತ್ತಾರನೆಯ ವಯಸ್ಸಿನಲ್ಲಿ ತಿಳಿಯಿತು.

ಮರುದಿನ ಕೆಂಭಾವಿ ಬಸ್ಸು ಹಿಡಿದೆ. ಸಂತೆಯ ದಿನ, ಕಾಲಿಡಲು ಜಾಗವಿರಲಿಲ್ಲ. ನಾನು ಮನೆ ಮುಟ್ಟುವಷ್ಟರಲ್ಲಿ ಹಿರಿಯರು ಬಂದಾಗಿತ್ತು, ಅಂಗಳದಲ್ಲಿ ಜೀಪು ನಿಂತಿತ್ತು. ಮಲ್ಲೇಶ್ವರಿಯ ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿದೆಯಂತೆ. ಮನೆ ಈಗ ಅವಳ ತಮ್ಮ ಬಸವಕುಮಾರನದು. ಅವನು ನನ್ನನ್ನು ನೋಡಿ ಎದ್ದು ಕುರ್ಚಿ ಸರಿಸಿದ. ಅಕ್ಕನ ಬಟ್ಟೆಯ ಗಂಟು ಆಗಲೇ ಹೊಸ್ತಿಲ ಬಳಿ ಬಂದಿತ್ತು. ಕಟ್ಟಿದವನು ತಮ್ಮನೇ ಎಂದು ಆಮೇಲೆ ಗೊತ್ತಾಯಿತು.

ಹಿರಿಯರ ಮುಂದಾಳು ಗಂಡನ ಅಣ್ಣ ಭೀಮರಾಯ. ಅವನೂ ನನ್ನ ಹಳೆಯ ವಿದ್ಯಾರ್ಥಿಯೇ. "ಸರ್ ಬಂದ್ರು, ಇನ್ನ ಫೈಸಲಾ ಆದಂಗೇ" ಎಂದು ನಕ್ಕ. ಮಲ್ಲೇಶ್ವರಿ ಅಡಿಗೆಮನೆಯ ಬಾಗಿಲಲ್ಲಿ ಬಲಗಿವಿಯನ್ನು ನಮ್ಮ ಕಡೆ ಮಾಡಿ ನಿಂತಿದ್ದಳು. ನಲವತ್ತೈದು ದಾಟಿರಲಾರದು, ಆದರೂ ತಲೆ ಪೂರ್ತಿ ಬೆಳ್ಳಗಾಗಿತ್ತು. ಜ್ಯೋತಿ ಅವಳ ಸೆರಗು ಹಿಡಿದುಕೊಂಡಿದ್ದಳು.

ನಾನು ಕೂರಲಿಲ್ಲ. "ಆಕೀನ್ನ ಕಳಸಬ್ಯಾಡ್ರಿ. ಅವತ್ತು ಹೋಗು ಅಂತ ನಾ ಹೇಳಿದ್ದೆ, ಅದು ತಪ್ಪಾಗ್ಯದ" ಎಂದೆ.

ಭೀಮರಾಯ ಕಣ್ಣು ಮುಚ್ಚಿ ಶುರು ಮಾಡಿದ, "ವಾರಿಜೆಯು ಕ್ಷಮೆಯ ಸಾಕಾರಮೂರ್ತಿ. ಹನ್ನೆರಡು ವರ್ಷದ ನೋವನ್ನು ಒಂದು ಹನಿ ಕಣ್ಣೀರಿನಲ್ಲಿ..." ಒಂದಕ್ಷರ ತಪ್ಪಲಿಲ್ಲ. "ನೀವೇ ಬರದದ್ದಲ್ರಿ ಸರ್? ನಮ್ಮ ತಮ್ಮಗೂ ನಾ ಇದನ್ನೇ ಹೇಳಿನ್ರಿ. ನಿನ್ನ ಹೆಂಡ್ತಿ ಓದಿದಾಕಿ, ಬರ್ತಾಳ, ಅಂತ."

"ಕೊನಿ ಸಂಧಿ ನಾ ಓದಿದ್ದಿಲ್ಲ" ಎಂದೆ. ಎಲ್ಲರಿಗೂ ಕೇಳಲಿ ಎಂದು ದನಿ ಎತ್ತಿಯೇ ಹೇಳಿದೆ. "ಹಾಳಿ ಕಿತ್ತಿದ್ವು. ನಾ ಮನಸ್ಸಿಗೆ ಬಂದಂಗ ಬರದೆ. ಖರೇ ಅಂದ್ರ ಆಕಿ ಪಲ್ಲಕ್ಕಿ ಹತ್ತಲಿಲ್ಲ. ವಾಪಸ್ ಕಳಿಸಿದಳು."

ಭೀಮರಾಯನೇ ಸಮಾಧಾನ ಹೇಳಿದ, "ಇರ್ಲಿ ಬಿಡ್ರಿ ಸರ್. ನಮಗ ಮಾರ್ಕ್ಸ್ ಬಂದ್ವಲ್ಲ." ಉಳಿದವರು ನಕ್ಕರು. ಬಸವಕುಮಾರ ನಗಲಿಲ್ಲ. "ಆಕಿ ರಾಣಿ ಇದ್ದಳ್ರಿ ಸರ್, ಇರಾಕ ಕ್ವಾಟಿ ಇತ್ತು. ನಮ್ಮವು ಎರಡೇ ಖೋಲಿ. ನನಗೂ ಹೆಂಡ್ತಿ ಮಕ್ಕಳದಾರ" ಎಂದು ತಲೆ ತಗ್ಗಿಸಿದ.

ಅವನನ್ನು ಬೈಯಲು ನನಗೆ ಬಾಯಿ ಎಲ್ಲಿತ್ತು? ಇಟ್ಟುಕೊಳ್ಳುತ್ತೇನೆ ಎಂದ ಅಪ್ಪ ಇದ್ದಾಗ, ನನ್ನ ಒಂದು ಮಾತಿಗೆ ಬೆಲೆ ಇದ್ದಾಗ, ನಾನು ಹೋಗು ಎಂದಿದ್ದೆ. ಆದರೂ ನಮ್ಮ ಮನೆಗೆ ಬಾರವ್ವ, ಶಹಾಪುರದಲ್ಲಿ ಇರು ಎಂದು ಹೇಳಬೇಕೆಂದು ಬಾಯಿ ತೆರೆದೆ. ಹೆಂಡತಿಗೆ ಏನು ಹೇಳುವುದು, ಓಣಿಯವರು ಏನೆಂದಾರು, ಎಂಬ ಯೋಚನೆ ಅಡ್ಡ ಬಂತು. ಅಷ್ಟರಲ್ಲಿ ಮಲ್ಲೇಶ್ವರಿ ಮಗಳ ಕೈಯಿಂದ ಸೆರಗು ಬಿಡಿಸಿಕೊಂಡು ಗಂಟು ಎತ್ತಿಕೊಂಡಿದ್ದಳು.

ಜೀಪಿನವರೆಗೆ ನಾನು ಅವಳ ಹಿಂದೆಯೇ ನಡೆದೆ. "ನನ್ನ ಮಾತಿಗೆ ಹೋಗಬ್ಯಾಡವ್ವ. ನಾ ಹೇಳಿದ್ದು ಸುಳ್ಳು. ಆ ಪುಸ್ತಕ ಒಂದ್ಸಲ ಓದಿ ನೋಡು" ಎಂದೆ.

ಅವಳು ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿದಳು. "ನನಗ ಗೊತ್ತದ್ರಿ ಸರ್. ಸಣ್ಣಾಕಿದ್ದಾಗ ಅಜ್ಜನ ಬಾಜೂ ಕೂತು ಕೇಳೀನಿ. ಆಕಿ ಹೋಗಲಿಲ್ಲ ಅಂತ ನನಗ ಆಗೇ ಗೊತ್ತಿತ್ತು. ಗೈಡಿನಾಗ ಪರೀಕ್ಷಾಕಂತ ಹಂಗ ಬರದೀರಿ ಅನ್ಕೊಂಡಿದ್ದೆ."

"ಹಂಗಿದ್ರ ಅವತ್ತು ಯಾಕ ಹೋದಿ?"

ಅವಳು ಗಂಟನ್ನು ಜೀಪಿನೊಳಗೆ ಇಟ್ಟಳು. "ನೀವು ಓದಿದವ್ರು. ಆಕಿ ಹೋಗಲಿಲ್ಲ ಅಂತ ಗೊತ್ತಿದ್ದೂ ನನಗ ಮಾತ್ರ ಹೋಗು ಅಂದ್ರಿ. ಆಕಿ ಯೋಗ್ಯತಾ ನನಗಿಲ್ಲ, ಅದು ಸರ್ ಕಣ್ಣಿಗೆ ಕಂಡದ, ಅಂತ ತಿಳಕೊಂಡೆ. ಇಲ್ಲೀತನಕ ಹಂಗೇ ತಿಳಕೊಂಡು ಬಾಳೇ ಮಾಡೀನ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಿದ ಹಾಗಿತ್ತು. ಭೀಮರಾಯ ಮುಂದಿನ ಸೀಟಿನಿಂದ "ಜಲ್ದಿ ಮಾಡವ್ವ" ಎಂದ. ಅವಳು ಹತ್ತಿ ಕೂತಳು.