ಏಳನೇ ಚೌಕದ ರಂಗೋಲಿ

ಹುತ್ರಿದುರ್ಗದ ತಪ್ಪಲಿನ ಹುಲ್ಲುಗಾವಲಿನಲ್ಲಿ ನನ್ನವು ಅಂತ ಹನ್ನೆರಡು ಚೌಕಗಳಿವೆ. ಒಂದೊಂದಕ್ಕೂ ನಾಲ್ಕು ಗೂಟ, ಸುತ್ತ ದಾರ. ಮಳೆಗಾಲ ಮುಗಿಯುವಾಗ ತುಮಕೂರಿನ ಉಪ್ಪಾರಹಳ್ಳಿಯಿಂದ ಸ್ಕೂಟಿಯಲ್ಲಿ ಬಂದು, ಪ್ರತಿ ಚೌಕದ ಹುಲ್ಲನ್ನು ಜಾತಿವಾರು ಎಣಿಸುವುದು ನನ್ನ ಪಿಎಚ್.ಡಿ. ಕೆಲಸ. ಇದು ಮೂರನೇ, ಕೊನೆಯ ವರ್ಷ. ಈ ಎಣಿಕೆ ತಪ್ಪಿದರೆ ಹಿಂದಿನ ಎರಡು ವರ್ಷವೂ ಮಣ್ಣುಪಾಲು.

ಚೌಕಗಳಿಗೆ ದನ ನುಗ್ಗದಂತೆ ಕಾಯುವವರು ಪಕ್ಕದ ರಾಗಿ ಹೊಲದ ಹನುಮಂತಮ್ಮಜ್ಜಿ. "ಹುಲ್ಲು ಎಣ್ಸಕ್ಕೂ ಓದ್ಬೇಕೇನವ್ವ ನಿಶಾತು?" ಅಂತ ನಗುತ್ತಲೇ ನನಗೆ ಬುತ್ತಿ ಕಟ್ಟಿಕೊಡುವ ಜೀವ.

"ನಾಳೆ ಸಂಜೆ ನಮ್ಮ ಗೈಡ್ ನೋಡೋಕೆ ಬರ್ತಾರೆ ಅಜ್ಜಿ" ಅಂತ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಬೆಳಿಗ್ಗೆ ಎಣಿಸಲು ಬಂದು ನೋಡುತ್ತೇನೆ, ಚೌಕಗಳೆಲ್ಲ ಬೋಳು ಬೋಳು. ಕಿತ್ತು, ಗುಡಿಸಿ, ನೀರು ಚಿಮುಕಿಸಿದ್ದಾರೆ. ಆಚೆ ಸಾಲಿನ ತುದಿಯ ಏಳನೆಯದರಲ್ಲಿ ರಂಗೋಲಿ ಬೇರೆ!

"ಏನ್ ಮಾಡ್ಬಿಟ್ರಿ ಅಜ್ಜಿ! ಅದೇ ನನ್ ಬೆಳೆ!"

ಮೊದಲೇ ನನಗೆ ಕೋಪ ಮೂಗಿನ ತುದಿಯಲ್ಲಿ. ಬಾಯಿಗೆ ಬಂದಂತೆ ಕೂಗಾಡಿದೆ. ಅಜ್ಜಿಯ ಮುಖ ಸಣ್ಣದಾಯಿತು.

"ದೊಡ್ ಮೇಷ್ಟ್ರು ಬತ್ತಾರೆ ಅಂದ್ಯಲ್ಲ ಮಗ. ಕಳೆ ಬೆಳಿಸ್ಕಂಡು ಕುಂತವ್ಳೆ ಅಂತ ನಿನ್ನ ಬೈದ್ರೆ?"

ನನಗೆ ಅಳುವೇ ಬಂತು. ಅವರು ಕೈ ಹಿಡಿದು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಗೋಡೆಗೆ ಒರಗಿಸಿದ ಹನ್ನೆರಡು ಕಟ್ಟು ಹುಲ್ಲು, ಬೇರುಸಮೇತ.

"ಒಂದೊಂದ್ ಚೌಕದ್ದೂ ಬ್ಯಾರೆ ಬ್ಯಾರೆ ಬರ್ಕತೀಯಲ್ಲ ನೀನು. ಬೆರ್ಸಿದ್ರೆ ಬೈತೀಯ ಅಂತ ಹಂಗೇ ಕಟ್ಟಿವ್ನಿ. ಹಸೂಗೂ ಹಾಕಿಲ್ಲ. ನೀನ್ ಬರಿಯೋ ಸಾಲ್ನಲ್ಲೇ ಇಟ್ಟಿವ್ನಿ."

ಜಗುಲಿಯ ಮೇಲೆ ಕೂತು ಅವರು ಒಂದೊಂದೇ ಬುಡ ಬಿಡಿಸಿಕೊಟ್ಟರು, ನಾನು ಎಣಿಸಿ ಬರೆದುಕೊಂಡೆ. ಬಿಸಿಲು ಇಳಿಯುವ ಹೊತ್ತಿಗೆ ಎಲ್ಲ ಸಿಕ್ಕಿತು. ಏಳನೇ ಕಟ್ಟಿನಲ್ಲಿ ಮಾತ್ರ ಒಂದು ಕಡಿಮೆ. ಹದಿನೈದು ದಿನದ ಕೆಳಗೆ ಮೊದಲ ಸಲ ಕಣ್ಣಿಗೆ ಬಿದ್ದ, ನೇರಳೆ ತೆನೆಯ ಪುಟ್ಟ ಹುಲ್ಲು. ಮೂರು ವರ್ಷದಲ್ಲಿ ಹೊಸದು ಅಂತ ನನಗೆ ಸಿಕ್ಕಿದ್ದು ಅದೊಂದೇ.

"ಅದೆಲ್ಲಿ ಅಜ್ಜಿ?"

"ಅದನ್ನ ಹೆಂಗ್ ಕೀಳ್ಲವ್ವ? ಅದ್ ಸಿಕ್ಕಿದ್ ದಿನ ನನ್ನ ತಬ್ಕಂಡು ಕುಣಿದಾಡಿದ್ಯಲ್ಲ."

ಓಡಿಹೋಗಿ ನೋಡಿದೆ. ರಂಗೋಲಿಯ ನಟ್ಟನಡುವೆ ಅದು ನೆಟ್ಟಗೆ ನಿಂತಿತ್ತು. ಯಾರೂ ತುಳಿಯದಿರಲಿ ಅಂತ ಅಜ್ಜಿ ಅದರ ಸುತ್ತಲೇ ಚುಕ್ಕಿ ಇಟ್ಟಿದ್ದರು.

ಕೂಗಾಡಿದ್ದಕ್ಕೆ ನಾಚಿಕೆಯಾಯಿತು. ವಾಪಸ್ ಬಂದು ಅವರನ್ನು ಮತ್ತೆ ತಬ್ಬಿಕೊಂಡೆ. ಈ ಸಲ ಕುಣಿಯಲಿಲ್ಲ.

"ಬುಡು ಬುಡು," ಅಂದರು ಅಜ್ಜಿ. "ಮೇಷ್ಟ್ರು ಬರೋ ಹೊತ್ತಾಯ್ತು, ಮದ್ಲು ಮುಖ ತೊಳ್ಕ."