ಸಿದ್ದವ್ವನಿಗೆ ಬರೆದ ಕಣ್ಣು

ಇಳಕಲ್ಲಿನಿಂದ ಬಂದ ಕಾಗದವನ್ನು ನನ್ನ ಗಂಡ ಓದದೆ ಅಂಗಿಯ ಜೇಬಿಗೆ ಹಾಕಿಕೊಂಡರು. ಅಂದೇ ನನಗೆ ಸಂಶಯ ಬಂತು. ನಾನು ಕಂಡಂತೆ ಅವರಿಗೆ ಬಂದ ಯಾವ ಕಾಗದವೂ ಅಲ್ಲಿಯವರೆಗೆ ಜೇಬಿಗೆ ಹೋಗಿರಲಿಲ್ಲ.

ನನ್ನ ಗಂಡ ಸಂಗಯ್ಯನವರು ಚಿತ್ರ ಬರೆಯುವವರು. ಬಾಗಲಕೋಟೆಯ ಹತ್ತಿ ವ್ಯಾಪಾರಿಗಳು, ಬಾದಾಮಿಯ ವಕೀಲರು, ಇಳಕಲ್ಲಿನ ಸೀರೆ ಅಂಗಡಿಯವರು, ಪಡಸಾಲೆಯ ಗೋಡೆಯ ಮೇಲೆ ಎಣ್ಣೆಬಣ್ಣದಲ್ಲಿ ತಮ್ಮ ಹಿರಿಯರು ಇರಬೇಕೆನ್ನುವ ಎಲ್ಲರೂ ಅವರಿಗೇ ಬರೆಯುತ್ತಿದ್ದರು. ಆ ಕಾಗದಗಳೇ ನಮ್ಮ ಸಂಜೆಯ ಮೋಜು. ‘ನಮ್ಮ ತಂದೆ ಎಂದೂ ಕೋಟು ಹಾಕಿದವರಲ್ಲ, ಚಿತ್ರದಲ್ಲಿ ಹಾಕಿರಿ’ ಎಂದು ಒಬ್ಬರು. ‘ಅವ್ವನ ಕೊರಳಿಗೆ ಬಂಗಾರದ ಸರ ಇರಲಿ, ಅದನ್ನು ಮಾರಿದ್ದು ಊರಿಗೆ ಗೊತ್ತಿಲ್ಲ’ ಎಂದು ಇನ್ನೊಬ್ಬರು. ಅವರು ಗಟ್ಟಿಯಾಗಿ ಓದುತ್ತಿದ್ದರು, ನಾನು ಕಾಯಿಪಲ್ಲೆ ಹೆಚ್ಚುತ್ತ ನಗುತ್ತಿದ್ದೆ. ಉತ್ತರ ಬರೆಯುವುದು ನನ್ನ ಪಾಲಿನ ಕೆಲಸ. ನಾನು ಬಿ.ಎ. ಓದಿದವಳು. ಅವರು ಏಳನೆಯ ಇಯತ್ತೆಗೆ ಸಾಲೆ ಬಿಟ್ಟವರು.

ನಮ್ಮ ಲಿಂಗವಂತರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಬದುಕಿದ್ದಾಗ ಕ್ಯಾಮರಾದ ಮುಂದೆ ಒಮ್ಮೆಯೂ ನಿಲ್ಲದ ಹೆಂಗಸರಿಗೆ ಆವತ್ತು ಫೋಟೋ ಆಗುತ್ತದೆ. ಅದನ್ನು ತೆಗೆಯುವವರು ಹುನಗುಂದದ ಅಹ್ಮದಸಾಬರು, ನನ್ನ ಗಂಡನ ಗೆಳೆಯರು. ಸೆರಗು, ಹೂವಿನ ಮಾಲೆ, ಕೊರಳಿನ ಲಿಂಗ ಎಲ್ಲವೂ ಫೋಟೋದಲ್ಲಿ ಸ್ಪಷ್ಟ. ಕಣ್ಣು ಮಾತ್ರ ಮುಚ್ಚಿರುತ್ತವೆ. ಅವನ್ನು ತೆರೆಸುವುದು ನನ್ನ ಗಂಡನ ಕೆಲಸ.

“ನಾ ಮುಚ್ಚಿದ್ದ ತಗೀತೇನಿ, ನಮ್ಮ ಸಂಗಯ್ಯಸ್ವಾಮಿ ತೆರಸ್ತಾನ. ನಡುವ ಯಮ ಖಾಲಿ ಕುಂತಾನ,” ಎಂದು ಅಹ್ಮದಸಾಬರು ನಗುತ್ತಿದ್ದರು.

ಮೊದಮೊದಲು ಆ ಕಣ್ಣಿಗಾಗಿ ನನ್ನಿಂದ ಕಾಗದ ಬರೆಸುತ್ತಿದ್ದರು. ‘ತಾಯಿಯ ಕಣ್ಣು ಯಾವ ಮಗಳಿಗೆ ಬಂದಿವೆಯೋ ಆಕೆಯನ್ನು ಒಂದು ದಿನ ನನ್ನ ಮುಂದೆ ಕೂಡಿಸಿರಿ’ ಎಂದು. ಕೆಲವು ವರ್ಷಗಳಿಂದ ಅದು ನಿಂತಿತ್ತು. ಯಾಕೆಂದು ಕೇಳಿದ್ದಕ್ಕೆ, “ಈಗ ಕೈಗೆ ಗೊತ್ತಾಗ್ತದ,” ಎಂದಿದ್ದರು. ಕೈಗೆ ಯಾರ ಕಣ್ಣು ಗೊತ್ತು ಎಂದು ನಾನು ಕೇಳಿರಲಿಲ್ಲ.

ಮರುದಿನ ಅವರು ಸ್ನಾನಕ್ಕೆ ಹೋದಾಗ ಅಂಗಿ ಗೂಟದಲ್ಲಿತ್ತು. ಕಾಗದ ತೆಗೆದು ಓದಿದೆ.

‘ಸಂಗಯ್ಯನವರಿಗೆ ಗುರುಲಿಂಗವ್ವ ಮಾಡುವ ಶರಣಾರ್ಥಿ. ನಿಮ್ಮ ಮನೆಯಲ್ಲಿ ಕಾಗದ ಓದುತ್ತಾರೆಂದು ತಿಳಿಸಿದ್ದೀರಿ, ಅದಕ್ಕೆ ಬಿಚ್ಚಿ ಬರೆಯುವುದಿಲ್ಲ. ಆ ಕಣ್ಣುಗಳಿಂದ ನನಗೆ ನಿದ್ದೆ ಇಲ್ಲ. ಅವು ಯಾರವು ಎಂದು ನೀವು ಇನ್ನೂ ಹೇಳಿಲ್ಲ. ಮಂಗಳವಾರ ನಮ್ಮ ಯಜಮಾನರು ಹುಬ್ಬಳ್ಳಿಗೆ ಹೋಗುತ್ತಾರೆ. ಅಂದು ಬಂದರೆ ಅನುಕೂಲ.’

ಒಂದೊಂದು ವಾಕ್ಯವನ್ನೂ ಬೇರೆ ಬೇರೆಯಾಗಿ ಓದಿದೆ. ಬಿಡಿಯಾಗಿ ಓದಿದರೆ ಪ್ರತಿಯೊಂದಕ್ಕೂ ಒಂದು ಸಾಧುವಾದ ಅರ್ಥ ಹಚ್ಚಬಹುದಿತ್ತು. ಕೂಡಿಸಿ ಓದಿದರೆ ಆಗುತ್ತಿರಲಿಲ್ಲ.

ಊಟಕ್ಕೆ ಬಡಿಸುವಾಗ ಕೇಳಿದೆ. “ಇಳಕಲ್ಲಿನ ಕಾಗದಕ್ಕ ಉತ್ತರ ಬರೀಲೇನ್ರಿ?”

“ಬ್ಯಾಡ. ನಾನ ಬರದೇನಿ.”

“ನೀವ?”

“ಯಾಕ, ನನಗ ಅಕ್ಷರ ಬರೂದಿಲ್ಲೇನು?”

“ಬರ್ತಾವ. ಮದುವ್ಯಾಗಿ ಇಷ್ಟ ವರ್ಷದಾಗ ನೀವು ಬರದದ್ದ ನೋಡಿದ್ದಿಲ್ಲ, ಅದಕ್ಕ ಕೇಳಿದೆ.”

“ಇನ್ನೊಂದ ರೊಟ್ಟಿ ಹಾಕು,” ಎಂದರು. ಗಂಗಾಳದಲ್ಲಿ ಅರ್ಧ ರೊಟ್ಟಿ ಇನ್ನೂ ಇತ್ತು.

ಶಾವಿಗೆ ಮಣೆ ಕೇಳುವ ನೆವ ಮಾಡಿಕೊಂಡು ಮರುದಿನ ನಮ್ಮೂರಿನ ಹತ್ತಿ ವ್ಯಾಪಾರಿ ಈರಪ್ಪನವರ ಮನೆಗೆ ಹೋದೆ. ಅವರ ತಾಯಿಯ ಚಿತ್ರ ನನ್ನ ಗಂಡನದೇ. ಎಷ್ಟೋ ಸಲ ಅದರ ಕೆಳಗೆ ಕೂತು ಚಹಾ ಕುಡಿದಿದ್ದೆ, ಕಣ್ಣು ನೋಡಿರಲಿಲ್ಲ. ಈಗ ನೋಡಿದೆ. ತುಸು ಕಿರಿದಾಗಿಸಿಕೊಂಡು, ಒಳಬಾಗಿಲ ಕಡೆ ಓರೆಯಾಗಿ, ಯಾರೋ ಏನೋ ಎತ್ತಿಕೊಂಡು ಹೋಗುತ್ತಿದ್ದಾರೆ ಎಂಬಂತೆ ನೋಡುವ ಕಣ್ಣು.

“ನಮ್ಮವ್ವ ಬದುಕಿದ್ದಾಗ ಭಾಳ ಸಾದಾ ಇದ್ಲು,” ಎಂದರು ಈರಪ್ಪನವರು. “ಹೋದಮ್ಯಾಲೆ ಶ್ಯಾಣ್ಯಾಕಿ ಆಗ್ಯಾಳ ನೋಡ್ರಿ.”

ಅಲ್ಲಿಂದ ಡಾಕ್ಟರರ ಮನೆಗೆ ಹೋದೆ. ಅವರ ಅಜ್ಜಿಯ ಚಿತ್ರ. ಮುಖ ಬೇರೆ, ಸೀರೆ ಬೇರೆ, ಕಣ್ಣು ಅವೇ.

ಯಾರೋ ಒಬ್ಬ ಹೆಂಗಸಿದ್ದಾಳೆ ಎಂದು ಖಚಿತವಾಯಿತು. ಆಕೆಯನ್ನು ನನ್ನ ಗಂಡ ಹತ್ತಿರದಿಂದ, ಬಹಳ ಸಲ ನೋಡಿದ್ದಾರೆ. ಎಷ್ಟೆಂದರೆ ಊರವರ ತಾಯಂದಿರ ಮುಖದಲ್ಲೆಲ್ಲ ಆಕೆಯನ್ನು ಕೂಡಿಸಿದ್ದಾರೆ. ಆಕೆ ಸಾಮಾನ್ಯಳಲ್ಲ, ಕೈಗೆ ಬಂದದ್ದನ್ನು ಬಿಟ್ಟುಕೊಡುವವಳಲ್ಲ ಎಂಬುದು ಆ ಕಣ್ಣಿನಲ್ಲೇ ತಿಳಿಯುತ್ತಿತ್ತು. ಗುರುಲಿಂಗವ್ವನೇ ಆಕೆಯೋ, ಅಥವಾ ಗುರುಲಿಂಗವ್ವನೂ ನನ್ನಂತೆಯೇ ಆಕೆಯ ಮೇಲೆ ಹೊಟ್ಟೆ ಉರಿಸಿಕೊಳ್ಳುವ ಇನ್ನೊಬ್ಬಳೋ, ಅಷ್ಟು ಮಾತ್ರ ತಿಳಿಯಬೇಕಿತ್ತು. ತಿಳಿದ ಮೇಲೆ ಈ ಮನೆಯಲ್ಲಿ ಇರುವುದೋ ತವರಿಗೆ ಹೋಗುವುದೋ ಎಂದು ನಿರ್ಧರಿಸುವುದು ಎಂದುಕೊಂಡೆ.

ಮಂಗಳವಾರ ಬೆಳಿಗ್ಗೆ ಅವರು ಚೀಲ ಹೆಗಲಿಗೆ ಹಾಕಿಕೊಂಡರು. “ಬಾದಾಮಿಗೆ ಹೊಂಟೇನಿ. ವಕೀಲರ ತಂದಿ ಕೂಡ್ತಾರಂತ.”

ಕೂತವರನ್ನು ನೋಡಿ ಬರೆಯಲು ಒಯ್ಯುವ ಹಲಗೆ ಬಾಗಿಲ ಹಿಂದೆಯೇ ಉಳಿಯಿತು. ಚೀಲದಲ್ಲಿದ್ದದ್ದು ಸಣ್ಣ ಕುಂಚಗಳು ಮತ್ತು ಟರ್ಪೆಂಟೈನ್ ಬಾಟಲಿ. ಅವರು ಓಣಿ ದಾಟಿದ ಮೇಲೆ ಮನೆಗೆ ಕೀಲಿ ಹಾಕಿ, ಮುಂದಿನ ಇಳಕಲ್ ಬಸ್ಸು ಹಿಡಿದೆ.

ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಕರದಂಟು ಕೊಂಡೆ. ಜಗಳಕ್ಕೆ ಹೊರಟವಳಾದರೂ ಒಂದು ಮನೆಗೆ ಬರಿಗೈಯಲ್ಲಿ ಹೋಗುವುದು ನನ್ನಿಂದಾಗಲಿಲ್ಲ. ಅಂಗಡಿಯವನು ತೂಗುವಾಗ ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಂತಿದ್ದೆ.

ಹುನಗುಂದದ ನಿಲ್ದಾಣದಲ್ಲಿ ಅಹ್ಮದಸಾಬರು ಚಹಾ ಕುಡಿಯುತ್ತಿದ್ದರು. ನನ್ನನ್ನು ಕಂಡು ಕಿಟಕಿಯ ಹತ್ತಿರ ಬಂದರು.

“ಏನ್ರಿ ವೈನಿ, ಒಬ್ಬರ ಹೊಂಟೀರಿ?”

“ಇಳಕಲ್ಲಿಗಿ.”

ಅವರ ಚಹಾದ ಕಪ್ಪು ಬಾಯಿಯ ಹತ್ತಿರವೇ ನಿಂತಿತು. “ಇವತ್ತ ಯಾಕ್ರಿ? ಬಿಸಲ ಕೆಟ್ಟ ಅದ. ಇಳೀರಿ, ನಮ್ಮ ಮನಿಗಿ ಬರ್ರಿ. ನಮ್ಮಾಕಿ ಮುಮ್ತಾಜ ಅಡಗಿ ಮಾಡ್ತಾಳ, ಉಂಡು ಸಂಜಿ ಬಸ್ಸಿಗಿ ಊರಿಗಿ ಹೋಗೀರಂತ.”

“ನಿಮ್ಮ ಗೆಳೆಯಾರು ಎಲ್ಲಿ ಅದಾರು?”

“ನನಗೇನ ಗೊತ್ರಿ? ಬಾದಾಮಿಗಿ ಹೋಗ್ಯಾರಲ್ಲ.”

ನಾನು ಬಾದಾಮಿಯ ಹೆಸರು ಎತ್ತಿರಲಿಲ್ಲ. ಬಸ್ಸು ಹೊರಟಿತು. ಅವರು ಇನ್ನೂ ಏನೋ ಕೂಗುತ್ತಿದ್ದರು, ನಾನು ಕಿಟಕಿ ಮುಚ್ಚಿದೆ.

ಗುರುಲಿಂಗವ್ವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಓಣಿಯ ತುಂಬ ಮಗ್ಗದ ಸದ್ದು, ಕೊನೆಗೆ ದೊಡ್ಡ ಬಾಗಿಲು. ತೆರೆದವಳು ಕೆಲಸದ ಮುದುಕಿ. ನನ್ನ ಮುಖ ನೋಡಿದವಳೇ, “ಯವ್ವಾ!” ಎಂದು ಎರಡು ಹೆಜ್ಜೆ ಹಿಂದೆ ಸರಿದಳು.

ನಾನು ಅವಳನ್ನು ದಾಟಿ ಪಡಸಾಲೆಗೆ ಹೋದೆ.

ನನ್ನ ಗಂಡ ಸಣ್ಣ ಸ್ಟೂಲಿನ ಮೇಲೆ ಕೂತಿದ್ದರು. ಅವರ ಎದುರು ಕುರ್ಚಿಗೆ ಆನಿಸಿದ ದೊಡ್ಡ ಚಿತ್ರ. ಪಕ್ಕದಲ್ಲಿ ಚಹಾದ ಕಪ್ಪು ಹಿಡಿದು ನಿಂತ, ಹೆಚ್ಚುಕಡಿಮೆ ನನ್ನ ವಯಸ್ಸಿನ ಹೆಂಗಸು ಗುರುಲಿಂಗವ್ವ. ನಾನು ಮೊದಲು ನೋಡಿದ್ದು ಆಕೆಯ ಕಣ್ಣು. ದುಂಡಗಿನ, ಬೆದರಿದ ಕಣ್ಣು. ನಾನು ಹುಡುಕಿ ಬಂದ ಕಣ್ಣು ಅವಾಗಿರಲಿಲ್ಲ.

ಚಿತ್ರ ಆಕೆಯ ತೀರಿಹೋದ ಅತ್ತೆ ಸಿದ್ದವ್ವನದು. ಒಂದು ಕಣ್ಣನ್ನು ನನ್ನ ಗಂಡ ಆಗಲೇ ಒರೆಸಿದ್ದರು, ಅಲ್ಲಿ ಮಸುಕಾದ ಕಂದು ಕಲೆ. ಉಳಿದ ಒಂದು ಕಣ್ಣು ನನ್ನನ್ನು ನೋಡುತ್ತಿತ್ತು.

ಗುರುಲಿಂಗವ್ವ ಚಿತ್ರ ನೋಡಿದಳು, ನನ್ನನ್ನು ನೋಡಿದಳು. “ಸಕ್ರವ್ವಾ, ನೋಡಿದೇನ?”

“ನೋಡಿದೆ ಬಿಡ್ರಿ,” ಎಂದಳು ಬಾಗಿಲಲ್ಲಿದ್ದ ಮುದುಕಿ. “ನಮ್ಮ ದೊಡ್ಡವ್ವಾರ ಗ್ವಾಡಿ ಬಿಟ್ಟ ಇಳದ ಬಂದ್ರು ಅಂತ ಎದಿ ಧಸಕ್ ಅಂತು.”

“ಯಾರ ಕಣ್ರಿ ಅದು?” ಎಂದು ನಾನು ನನ್ನ ಗಂಡನನ್ನು ಕೇಳಿದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಉಳಿದದ್ದು ಅದೊಂದೇ.

ಅವರು ಮೆಲ್ಲಗೆ ಹೇಳಿದರು, “ಮನ್ಯಾಗ ಕನ್ನಡಿ ಇಲ್ಲೇನ, ಬನಶಂಕರಿ?”

ಕನ್ನಡಿ ಇತ್ತು. ಆದರೆ ಅದರಲ್ಲಿ ನಾನು ನೋಡುತ್ತಿದ್ದದ್ದು ಕುಂಕುಮ ನೆಟ್ಟಗಿದೆಯೋ ಇಲ್ಲವೋ ಎಂದು. ಬೇರೆಯವರನ್ನು ನೋಡುವಾಗಿನ ನನ್ನ ಕಣ್ಣು ನಾನು ಕಂಡಿರಲಿಲ್ಲ.

“ಸಿಟ್ಟಾಗಬ್ಯಾಡ್ರಿ ಅಮ್ಮಾರ,” ಎಂದಳು ಗುರುಲಿಂಗವ್ವ. “ನಮ್ಮತ್ತಿ ಯಾರನ್ನೂ ಹಿಂಗ ನೋಡಿದಾಕಿ ಅಲ್ಲ. ಈ ಚಿತ್ರ ನೋಡ್ರಿ, ಸಕ್ಕರಿ ಡಬ್ಬಿ ಮುಟ್ಟಿದ್ರ ನೋಡ್ತದ, ಸೀರಿ ಮಡಿಕಿ ಬಿಚ್ಚಿದ್ರ ನೋಡ್ತದ. ನಮ್ಮವರಿಗೆ ಹೇಳಿದ್ರ, ‘ನಿನ್ನ ಮನಸಿನಾಗ ಕಳ್ಳ ಅದಾನ, ಅದಕ್ಕ ಹಂಗ ಕಾಣ್ತದ’ ಅಂತಾರ. ಅದಕ್ಕ ಅವರಿಲ್ಲದಾಗ ತಿದ್ದಸಾಕ ಕರಸಿದೆ.”

“ನಾ ಅಂತೂ ಚಿತ್ರಕ್ಕ ಟಾವೆಲ್ ಹೊಚ್ಚಿ ಕಸಾ ಹೊಡೀತಿದ್ದೆ,” ಎಂದಳು ಸಕ್ರವ್ವ.

ನಾನು ಗಂಡನ ಕಡೆ ತಿರುಗಿದೆ. “ನಾ ಕಾಗದಾ ಓದತೇನಿ ಅಂತ ಇವರಿಗೆ ಬರದೀರಿ.”

“ಓದೂದಿಲ್ಲೇನ?”

ನಾನು ಅವರ ಅಂಗಿಯ ಜೇಬು ನೋಡಿದೆ.

“ಹೇಳಿದ್ರ ನಿನಗ ಕೆಟ್ಟ ಅನಸ್ತಿತ್ತು,” ಎಂದರು. “ಬ್ಯಾರೆ ಕಣ್ಣ ಬರೀಲಿಕ್ಕಿ ಕುಂತ್ರೂ ಕುಂಚ ಅಲ್ಲೇ ಹೋಗ್ತದ. ನಾ ಏನ ಮಾಡ್ಲಿ? ದಿನಾ ನನ್ನ ಬೆನ್ನಮ್ಯಾಲ ಅವ ಇರ್ತಾವ.”

“ನಾ ನಿಮ್ಮನ್ನ ಹಿಂಗ ನೋಡ್ತೇನೇನ್ರಿ?”

ಅವರು ಕುಂಚವನ್ನು ಬಟ್ಟೆಗೆ ಒರೆಸಿದರು. ಅದು ಆಗಲೇ ಸ್ವಚ್ಛವಾಗಿತ್ತು.

ಕರದಂಟಿನ ಪೊಟ್ಟಣ ಇನ್ನೂ ನನ್ನ ಕೈಯಲ್ಲೇ ಇತ್ತು. ಅದನ್ನು ಗುರುಲಿಂಗವ್ವನಿಗೆ ಕೊಟ್ಟು, ಗಂಡನಿಗೆ, “ಉಳಿದ ಕಣ್ಣನ್ನೂ ಒರಸ್ರಿ,” ಎಂದೆ. ಅವರು ಒರೆಸಿದರು. ಸಿದ್ದವ್ವನ ಮುಖ ಈಗ ಯಾರನ್ನೂ ನೋಡುತ್ತಿರಲಿಲ್ಲ.

“ಈಗ ಯಾರವು ಬರೀತೀರಿ?”

“ಅವರಿಗೆ ಹೆಣ್ಣಮಕ್ಕಳಿಲ್ಲ. ಮಗಗ ಅಪ್ಪನ ಕಣ್ಣು ಬಂದಾವಂತ. ನನ್ನ ಕೈಗೆ ಗೊತ್ತಿದ್ದಾವು ನಿನ್ನವಷ್ಟ.” ಕಿಟಕಿಯ ಹತ್ತಿರದ ಕುರ್ಚಿ ತೋರಿಸಿದರು. “ಕೂಡು. ಬ್ಯಾರೆ ನಮೂನಿ ನೋಡು.”

“ಏನ ನೋಡ್ಲಿ?”

“ಸಂಶೇ ಇಲ್ಲದ್ದ ಏನರೆ ನೋಡು.”

ಕೂತೆ. ಕರದಂಟಿನ ಪೊಟ್ಟಣ ನೋಡಿದೆ, ತೂಕದಲ್ಲಿ ಹೊಡೆದಿರಬಹುದೆನಿಸಿತು. ಗುರುಲಿಂಗವ್ವನನ್ನು ನೋಡಿದೆ, ಇಷ್ಟು ನಯ ಯಾಕೆ ಎನಿಸಿತು. ನನ್ನ ಗಂಡನ ಮುಖ ನೋಡಿದೆ. ಬಾದಾಮಿಗೆ ಹೋಗುತ್ತೇನೆ ಎಂದ ಬಾಯಿ ಅಲ್ಲೇ ಇತ್ತು. ಅವರು ತಲೆ ಅಲ್ಲಾಡಿಸಿದರು.

ಕೊನೆಗೆ ಅವರ ಬಲಗೈ ನೋಡಿದೆ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಬಣ್ಣ ಉಳಿಯುವ ಕೈ. ಬಾಯಿ ಸುಳ್ಳು ಹೇಳಿತ್ತು, ಜೇಬು ಕಾಗದ ಮುಚ್ಚಿಟ್ಟಿತ್ತು. ಈಚಿನ ಇಷ್ಟು ವರ್ಷ, ಇಷ್ಟು ಮನೆಗಳಲ್ಲಿ, ಆ ಕೈ ಮಾತ್ರ ನನ್ನ ಕಣ್ಣು ಬಿಟ್ಟು ಬೇರೆ ಯಾವ ಹೆಂಗಸಿನ ಕಣ್ಣನ್ನೂ ಬರೆದಿರಲಿಲ್ಲ.

“ಹಾಂ. ಹಂಗ ಇರು,” ಎಂದರು.

ಗುರುಲಿಂಗವ್ವ, ಸಕ್ರವ್ವ ಒಳಗೆ ಹೋದರು. ಅಡುಗೆಮನೆಯಲ್ಲಿ ಏನೋ ಪಿಸುಗುಟ್ಟಿದರು, ಆಮೇಲೆ ಇಬ್ಬರೂ ನಕ್ಕರು.

ನಾನು ತಿರುಗಲಿಲ್ಲ. ಕುಂಚ ಹಿಡಿದ ಕೈಯನ್ನೇ ನೋಡುತ್ತ ಕೂತೆ.